ಯಂತ್ರ ಓದಿದ ಎಕ್ಸ್‌-ರೇ: ಆ ಕೆಂಪು ಚೌಕದ ಅರ್ಥವೇನು?

ಕಳೆದ ವರ್ಷ ದೀಪಾವಳಿ ಮುಗಿದ ವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ನನ್ನ ಕ್ಲಿನಿಕ್ಕಿಗೆ ಒಂದು ಕುಟುಂಬ ಬಂತು. ಅರವತ್ತರ ಆಸುಪಾಸಿನ ಯಜಮಾನರು, ಅವರ ಹೆಂಡತಿ, ಮಗ. ಯಜಮಾನರು ಬಾಯಿಗೆ ಟವೆಲ್ ಒತ್ತಿಕೊಂಡು ಬಾಗಿಲ ಬಳಿಯೇ ನಿಂತುಬಿಟ್ಟರು. 'ಒಳಗೆ ಬನ್ನಿ, ಕೂತ್ಕೊಳ್ಳಿ' ಎಂದೆ. 'ಬೇಡ ಸಾರ್, ನಾನು ಇಲ್ಲೇ ಇರ್ತೀನಿ' ಎಂದರು. ಮಗ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟ. ಊರಿನಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ಎದೆಯ ಎಕ್ಸ್‌-ರೇ ತೆಗೆದು, ಕಂಪ್ಯೂಟರಿನಿಂದಲೇ ಓದಿಸಿ ಕೊಟ್ಟ ವರದಿ ಅದು. ಚಿತ್ರದಲ್ಲಿ ಬಲ ಶ್ವಾಸಕೋಶದ ಮೇಲ್ಭಾಗಕ್ಕೆ ಕೆಂಪು ಗೆರೆಯ ಚೌಕ. ಕೆಳಗೆ 'ಟಿ.ಬಿ. ಸೂಚನೆ ಇದೆ' ಎಂಬ ಒಂದು ಸಾಲು, ಅದರ ಪಕ್ಕದಲ್ಲಿ 0.78 ಎಂಬ ಅಂಕಿ.

ಆ ಹಾಳೆ ಅವರ ಕೈಸೇರಿ ನಾಲ್ಕು ದಿನವಾಗಿತ್ತು. ಅಷ್ಟರಲ್ಲೇ ಯಜಮಾನರ ತಟ್ಟೆ ಲೋಟ ಬೇರೆಯಾಗಿದ್ದವು. ಹಾಸಿಗೆ ಜಗಲಿಗೆ ಬಂದಿತ್ತು. ಸೊಸೆ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಮಗಳನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರಿಗೆ 'ಸ್ವಲ್ಪ ದಿನ ಬಿಟ್ಟು ಬನ್ನಿ' ಎಂದು ಫೋನು ಹೋಗಿತ್ತು. ಮಗ ಆ ಅಂಕಿಯ ಮೇಲೆ ಬೆರಳಿಟ್ಟು, 'ಸಾರ್, ನೂರಕ್ಕೆ ಎಪ್ಪತ್ತೆಂಟು ಪಾಲು ಟಿ.ಬಿ. ಅಂತ ಬಂದಿದೆಯಲ್ಲ' ಎಂದ.

ಕೆಮ್ಮು ಇದೆಯೇ ಎಂದು ಕೇಳಿದೆ, ಇಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ಊಟ ಸೇರದಿರುವುದು ಯಾವುದೂ ಇಲ್ಲ. 'ಹಿಂದೆ ಯಾವಾಗಲಾದರೂ ಟಿ.ಬಿ.ಗೆ ಮಾತ್ರೆ ತಗೊಂಡಿದ್ರಾ?' ಎಂದಾಗ ಮಾತ್ರ ಕೋಣೆಯಲ್ಲಿ ಮೌನ. ಮಗನಿಗೆ ಅದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾಯಿಯೇ ಹೇಳಿದರು: 'ಇವನು ಚಿಕ್ಕವನಿದ್ದಾಗ, 1998ರಲ್ಲಿ, ಆರು ತಿಂಗಳು ಮಾತ್ರೆ ಕೊಟ್ಟಿದ್ರು ಸಾರ್. ಪೂರ್ತಿ ಮುಗಿಸಿದ್ರು.' ಆಗಿನ ಫಿಲ್ಮ್ ಇದೆಯೇ ಎಂದೆ. ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಇತ್ತಂತೆ. ಮರುದಿನ ತಂದರು. ಎರಡನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ಅದೇ ಜಾಗದಲ್ಲಿ ಅದೇ ಆಕಾರದ ಗುರುತು. ವಾಸಿಯಾದ ಕ್ಷಯ ಬಿಟ್ಟುಹೋದ ಕಲೆ. ಆದರೂ ಕಣ್ಣಂದಾಜಿನ ಮೇಲೆ ಬಿಡುವಂತಿರಲಿಲ್ಲ. ಉಪ್ಪುನೀರಿನ ಹಬೆ ಕೊಟ್ಟು ಕಫ ತೆಗೆಸಿ ಪರೀಕ್ಷೆಗೆ ಕಳಿಸಿದೆವು. ಎರಡು ದಿನದಲ್ಲಿ ಬಂದ ವರದಿಯಲ್ಲೂ, ಆರು ವಾರದ ನಂತರ ಬಂದ ಕಲ್ಚರ್ ವರದಿಯಲ್ಲೂ ಕ್ಷಯದ ರೋಗಾಣು ಇರಲಿಲ್ಲ.

ಹಾಗಾದರೆ ಆ ಯಂತ್ರ ಸುಳ್ಳು ಹೇಳಿತೇ? ಇಲ್ಲ. ಅಲ್ಲಿ ಏನೋ ಇತ್ತು, ಅದನ್ನು ಅದು ಸರಿಯಾಗಿಯೇ ತೋರಿಸಿತು. ತೋರಿಸುವುದು ಬೇರೆ, ರೋಗವನ್ನು ನಿರ್ಧರಿಸುವುದು ಬೇರೆ ಎಂಬುದನ್ನು ಆ ಹಾಳೆ ಆ ಮನೆಯವರಿಗೆ ಹೇಳಲಿಲ್ಲ. ಇಂಥ ಹಾಳೆಗಳು ಇನ್ನು ಮುಂದೆ ನಿಮ್ಮ ಮನೆಗೂ ಬರುತ್ತವೆ. ಆದ್ದರಿಂದ ಅವುಗಳನ್ನು ಹೇಗೆ ಓದಬೇಕು ಎಂಬುದನ್ನು ಈ ವಾರ ಸ್ವಲ್ಪ ವಿವರವಾಗಿಯೇ ನೋಡೋಣ.

ಯಂತ್ರ ಕಲಿಯುವುದು ಹೇಗೆ?

ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ 1895ರ ನವೆಂಬರಿನಲ್ಲಿ ಎಕ್ಸ್‌-ಕಿರಣಗಳನ್ನು ಕಂಡುಹಿಡಿದ. ಈ ಕಿರಣಗಳು ಗಾಳಿಯಲ್ಲಿ ಸಲೀಸಾಗಿ ಹಾದುಹೋಗುತ್ತವೆ, ಮೂಳೆಯಲ್ಲಿ ತಡೆಯಲ್ಪಡುತ್ತವೆ. ಅದಕ್ಕೇ ಗಾಳಿ ತುಂಬಿದ ಶ್ವಾಸಕೋಶ ಕಪ್ಪಾಗಿಯೂ ಪಕ್ಕೆಲುಬು ಬೆಳ್ಳಗೂ ಕಾಣುವುದು. ಶ್ವಾಸಕೋಶದಲ್ಲಿ ಕೀವು, ನೀರು, ಗಡ್ಡೆ ಅಥವಾ ಹಳೆಯ ಕಲೆ ಇದ್ದರೆ ಆ ಕಪ್ಪಿನ ನಡುವೆ ಬಿಳಿ ಛಾಯೆ ಮೂಡುತ್ತದೆ. ಎಕ್ಸ್‌-ರೇ ಎಂದರೆ ನೆರಳು. ಕ್ಷಯದ ನೆರಳು, ನ್ಯುಮೋನಿಯಾದ ನೆರಳು, ಕಲ್ಲಿನ ಧೂಳು ಕುಡಿದ ಕ್ರಷರ್ ಕೆಲಸಗಾರನ ಶ್ವಾಸಕೋಶದ ನೆರಳು, ಕೆಲವೊಮ್ಮೆ ಒಂದನ್ನೊಂದು ಹೋಲುತ್ತವೆ. ಅನುಭವಿ ರೇಡಿಯಾಲಜಿಸ್ಟರೂ ಹಲವು ಸಲ 'ಇದಿರಬಹುದು, ಅಥವಾ ಅದಿರಬಹುದು, ರೋಗಿಯ ಲಕ್ಷಣಗಳೊಂದಿಗೆ ಹೊಂದಿಸಿ ನೋಡಿ' ಎಂದೇ ಬರೆಯುತ್ತಾರೆ. ಅದು ನುಣುಚಿಕೊಳ್ಳುವ ಮಾತಲ್ಲ, ನೆರಳಿಗೆ ಇರುವ ಮಿತಿ.

ಈಗಿನ ಡಿಜಿಟಲ್ ಎಕ್ಸ್‌-ರೇ ಎಂದರೆ ಲಕ್ಷಾಂತರ ಚುಕ್ಕೆಗಳು. ಪ್ರತಿ ಚುಕ್ಕೆ ಎಷ್ಟು ಕಪ್ಪು ಎಷ್ಟು ಬಿಳಿ ಎಂಬುದಕ್ಕೆ ಒಂದು ಸಂಖ್ಯೆ. ಕಂಪ್ಯೂಟರಿಗೆ ಕಾಣುವುದು ಚಿತ್ರವಲ್ಲ, ಈ ಸಂಖ್ಯೆಗಳ ರಾಶಿ. ವೈದ್ಯರು ಮೊದಲೇ ಓದಿ 'ಇದರಲ್ಲಿ ರೋಗವಿದೆ, ಇದರಲ್ಲಿಲ್ಲ' ಎಂದು ಗುರುತು ಮಾಡಿದ ಸಾವಿರಾರು, ಲಕ್ಷಾಂತರ ಚಿತ್ರಗಳನ್ನು ಅದಕ್ಕೆ ಒಂದಾದ ಮೇಲೊಂದು ಕೊಡುತ್ತಾರೆ. ಪ್ರತಿ ಸಲ ಅದು ಊಹಿಸುತ್ತದೆ, ತಪ್ಪಿದಾಗ ತನ್ನ ಲೆಕ್ಕವನ್ನು ಒಂದಿಷ್ಟು ತಿದ್ದಿಕೊಳ್ಳುತ್ತದೆ. ನಮ್ಮ ಅಮ್ಮಂದಿರು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವುದನ್ನು ನೋಡಿದ್ದೀರಲ್ಲ? ಯಾರೂ ಅವರಿಗೆ ನಿಯಮ ಹೇಳಿಕೊಟ್ಟಿಲ್ಲ. ಸಾವಿರ ಸಲ ಆರಿಸಿ ಆರಿಸಿ ಕಣ್ಣಿಗೆ ಅಭ್ಯಾಸವಾಗಿದೆ. ಯಂತ್ರದ್ದೂ ಹೆಚ್ಚುಕಡಿಮೆ ಅಂಥದೇ ಅಭ್ಯಾಸ. ಇದಕ್ಕೆ ಕೃತಕ ಬುದ್ಧಿಮತ್ತೆ ಎಂಬ ದೊಡ್ಡ ಹೆಸರು.

ಆದರೆ ಒಂದು ವ್ಯತ್ಯಾಸವಿದೆ. ಅಕ್ಕಿ ಆರಿಸುವವರಿಗೆ ಕಲ್ಲು ಎಂದರೇನು, ಅದು ಹಲ್ಲಿಗೆ ಸಿಕ್ಕರೆ ಏನಾಗುತ್ತದೆ ಎಂಬುದು ಗೊತ್ತು. ಯಂತ್ರಕ್ಕೆ ರೋಗ ಎಂದರೇನೆಂದು ಗೊತ್ತಿಲ್ಲ. ಉತ್ತರ ಸರಿಹೊಂದುವ ಯಾವ ಗುರುತು ಸಿಕ್ಕರೂ ಅದನ್ನೇ ಹಿಡಿದುಕೊಳ್ಳುತ್ತದೆ. 2018ರಲ್ಲಿ ಅಮೆರಿಕದ ಸಂಶೋಧಕರು ನ್ಯುಮೋನಿಯಾ ಗುರುತಿಸಲು ಕಲಿತ ಒಂದು ವ್ಯವಸ್ಥೆಯನ್ನು ಪರೀಕ್ಷಿಸಿದರು. ಚಿತ್ರ ಯಾವ ಆಸ್ಪತ್ರೆಯದೆಂಬುದನ್ನು ಅದು ಬಹುತೇಕ ತಪ್ಪಿಲ್ಲದೆ ಹೇಳುತ್ತಿತ್ತು. ಎಡ-ಬಲ ತಿಳಿಯಲೆಂದು ಫಿಲ್ಮಿನ ಮೂಲೆಯಲ್ಲಿ ಇಡುವ ಲೋಹದ ಗುರುತಿನಂಥ ಸಂಗತಿಗಳೂ ಅದಕ್ಕೆ ಸುಳಿವಾಗಿದ್ದವು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ರೋಗಿಗಳು ಹೆಚ್ಚಿದ್ದರೆ, ಆಸ್ಪತ್ರೆಯನ್ನು ಗುರುತಿಸಿದರೇ ಅರ್ಧ ಉತ್ತರ ಸಿಕ್ಕಂತೆ. ಪ್ರಶ್ನೆಪತ್ರಿಕೆ ತಯಾರಿಸಿದ ಮೇಷ್ಟ್ರು ಯಾರೆಂದು ನೋಡಿ ಉತ್ತರ ಊಹಿಸುವ ಹುಡುಗನ ಹಾಗೆ. ಬೇರೆ ಆಸ್ಪತ್ರೆಯ ಚಿತ್ರ ಕೊಟ್ಟಾಗ ಸಾಮರ್ಥ್ಯ ಕುಸಿಯುತ್ತಿತ್ತು.

ಕೋವಿಡ್ ಕಾಲದಲ್ಲಂತೂ ಇದು ಇನ್ನೂ ಎದ್ದು ಕಂಡಿತು. ಎಕ್ಸ್‌-ರೇ ಮತ್ತು ಸಿ.ಟಿ. ನೋಡಿ ಕೋವಿಡ್ ಹೇಳುತ್ತೇವೆಂದು ನೂರಾರು ಲೇಖನಗಳು ಬಂದವು. ಅವುಗಳಲ್ಲಿ ಗುಣಮಟ್ಟದ ಮೊದಲ ಜರಡಿ ದಾಟಿದ 62ನ್ನು ವಿವರವಾಗಿ ಪರಿಶೀಲಿಸಿದ ತಂಡವೊಂದು, ರೋಗಿಗಳ ಮೇಲೆ ಬಳಸಲು ತಕ್ಕದ್ದು ಒಂದೂ ಇಲ್ಲ ಎಂದು 2021ರಲ್ಲಿ ವರದಿ ಮಾಡಿತು. ಕೆಲವದರಲ್ಲಿ ಕೋವಿಡ್ ಇಲ್ಲದವರ ಚಿತ್ರಗಳೆಂದು ಬಳಸಿದ್ದು ಒಂದರಿಂದ ಐದು ವರ್ಷದ ಮಕ್ಕಳ ಎಕ್ಸ್‌-ರೇಗಳನ್ನು! ಆ ಯಂತ್ರ ಕಲಿತದ್ದು ಕೋವಿಡ್ಡನ್ನೋ, ದೊಡ್ಡವರಿಗೂ ಮಕ್ಕಳಿಗೂ ಇರುವ ವ್ಯತ್ಯಾಸವನ್ನೋ, ದೇವರೇ ಬಲ್ಲ.

ಹಾಗೆಂದು ತಳ್ಳಿಹಾಕುವಂತಿಲ್ಲ

ಇಷ್ಟು ಓದಿ 'ಸರಿ, ಇದೆಲ್ಲ ಮೋಸ' ಎಂದು ನೀವು ಪುಟ ಮಗುಚಬಾರದು. ಮನುಷ್ಯರ ಕಣ್ಣೇನೂ ಅಷ್ಟು ನಂಬಿಕಸ್ಥವಲ್ಲ. ಅಮೆರಿಕದಲ್ಲಿ 24 ರೇಡಿಯಾಲಜಿಸ್ಟರಿಗೆ ಶ್ವಾಸಕೋಶದ ಸಿ.ಟಿ. ಚಿತ್ರಗಳನ್ನು ಕೊಟ್ಟು ಸಣ್ಣ ಗಂಟುಗಳನ್ನು ಹುಡುಕಲು ಹೇಳಿದರು. ಒಂದು ಚಿತ್ರದಲ್ಲಿ ಬೇಕೆಂದೇ ಗೊರಿಲ್ಲಾದ ಆಕೃತಿಯೊಂದನ್ನು ಸೇರಿಸಿದ್ದರು. ಹುಡುಕಬೇಕಾದ ಗಂಟಿಗಿಂತ ಅದು 48 ಪಟ್ಟು ದೊಡ್ಡದು. 24 ಮಂದಿಯಲ್ಲಿ 20 ಮಂದಿಗೆ ಗೊರಿಲ್ಲಾ ಕಾಣಲೇ ಇಲ್ಲ. 2013ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದ ದಿನ ನನಗೆ ನಗುವೂ ಬಂತು, ನಿದ್ದೆಯೂ ಬರಲಿಲ್ಲ. ಒಂದನ್ನು ಹುಡುಕುತ್ತಿರುವ ಕಣ್ಣಿಗೆ ಇನ್ನೊಂದು ಕಾಣುವುದಿಲ್ಲ. ದಿನಕ್ಕೆ ನೂರು ಫಿಲ್ಮ್ ನೋಡುವವರ ಕಣ್ಣು ಸಂಜೆಯ ಹೊತ್ತಿಗೆ ದಣಿಯುತ್ತದೆ. ಯಂತ್ರ ದಣಿಯುವುದಿಲ್ಲ.

ಇನ್ನು ನಮ್ಮ ದೇಶದ ಸಮಸ್ಯೆಯೇ ಬೇರೆ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬರು ಭಾರತದವರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ಒಂದು ಮುಖ್ಯ ಸಂಗತಿ ಹೊರಬಂತು. ಬರೀ ಕೆಮ್ಮು, ಜ್ವರದಂಥ ಲಕ್ಷಣಗಳನ್ನು ಕೇಳಿಕೊಂಡು ಹೋಗಿದ್ದರೆ, ಎದೆಯ ಎಕ್ಸ್‌-ರೇ ತೆಗೆಯದಿದ್ದರೆ, ಪತ್ತೆಯಾದ ರೋಗಿಗಳಲ್ಲಿ ನೂರಕ್ಕೆ 42ಕ್ಕೂ ಹೆಚ್ಚು ಮಂದಿ ಕೈತಪ್ಪಿಹೋಗುತ್ತಿದ್ದರು. ಅಂದರೆ ಹಳ್ಳಿ ಹಳ್ಳಿಗೂ ಎಕ್ಸ್‌-ರೇ ಹೋಗಬೇಕು. ಎಕ್ಸ್‌-ರೇ ಯಂತ್ರವನ್ನು ಈಗ ಕೈಯಲ್ಲಿ ಹಿಡಿದುಕೊಂಡೇ ಹೋಗಬಹುದು, ಅದೇನೋ ಸರಿ. ಓದುವವರು ಯಾರು? ನಮ್ಮ ತಾಲ್ಲೂಕಿನಲ್ಲಿ ಒಬ್ಬ ರೇಡಿಯಾಲಜಿಸ್ಟರೂ ಇಲ್ಲ. ಚಿತ್ರ ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಹೋಗಿ, ಓದಿಸಿಕೊಂಡು ಬರಬೇಕು.

ಇದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, 15 ವರ್ಷ ಮೇಲ್ಪಟ್ಟವರಲ್ಲಿ ಕ್ಷಯದ ತಪಾಸಣೆಗೆ ಡಿಜಿಟಲ್ ಎಕ್ಸ್‌-ರೇಯನ್ನು ಮನುಷ್ಯರ ಬದಲು ಕಂಪ್ಯೂಟರಿನಿಂದ ಓದಿಸಬಹುದು ಎಂದು ಸಲಹೆ ಮಾಡಿತು. 2024ರ ಡಿಸೆಂಬರ್ 7ರಂದು ಆರಂಭವಾದ ನಮ್ಮ ದೇಶದ 100 ದಿನಗಳ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌-ರೇಯೂ ಇಂಥ ಓದುವ ಯಂತ್ರಗಳೂ ಬಳಕೆಯಾದವು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಸಲಹೆಯಲ್ಲಿರುವ 'ತಪಾಸಣೆ' ಎಂಬ ಮಾತನ್ನು ಗಮನಿಸಿ. ಯಾರ ಕಫ ಪರೀಕ್ಷೆ ಮಾಡಬೇಕು ಎಂದು ಆರಿಸಿಕೊಡುವುದು ಯಂತ್ರದ ಕೆಲಸ. ರೋಗ ಇದೆ ಎಂದು ಹೇಳುವುದು ಕಫ ಪರೀಕ್ಷೆಯ ಕೆಲಸ.

ಸ್ವಲ್ಪ ಲೆಕ್ಕ

ಈಗ ಒಂದು ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಮನೆಯಲ್ಲಿ ಹೈಸ್ಕೂಲಿನ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ.

ಒಂದು ಯಂತ್ರ ಇದೆ ಎಂದಿಟ್ಟುಕೊಳ್ಳಿ. ನೂರು ಕ್ಷಯ ರೋಗಿಗಳಲ್ಲಿ 90 ಮಂದಿಯನ್ನು ಅದು ಹಿಡಿಯುತ್ತದೆ. ನೂರು ಆರೋಗ್ಯವಂತರಲ್ಲಿ 70 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ, 30 ಮಂದಿಗೆ ಸುಮ್ಮನೆ ಕೆಂಪು ಚೌಕ ಹಾಕುತ್ತದೆ. ಈ 90 ಮತ್ತು 70 ನನ್ನ ಕಲ್ಪನೆಯಲ್ಲ. ಇಂಥ ಮೊದಲ ಹಂತದ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಕನಿಷ್ಠ ಗುರಿ ಅದು.

ಮೇಲೆ ಹೇಳಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟ ಒಂದು ಲಕ್ಷ ಜನರಲ್ಲಿ 316 ಮಂದಿಗೆ ಶ್ವಾಸಕೋಶದ ಕ್ಷಯ ಇರುತ್ತದೆ. ಆ ಒಂದು ಲಕ್ಷ ಜನರನ್ನೂ ಸಾಲಾಗಿ ನಿಲ್ಲಿಸಿ ಯಂತ್ರದಿಂದ ನೋಡಿಸಿದರೆ ಏನಾಗುತ್ತದೆ? 316 ರೋಗಿಗಳಲ್ಲಿ ಸುಮಾರು 284 ಮಂದಿ ಸಿಗುತ್ತಾರೆ, 32 ಮಂದಿ ತಪ್ಪಿಹೋಗುತ್ತಾರೆ. ಉಳಿದ 99,684 ಆರೋಗ್ಯವಂತರಲ್ಲಿ ನೂರಕ್ಕೆ 30ರಂತೆ ಸುಮಾರು 29,900 ಮಂದಿಗೆ ಕೆಂಪು ಚೌಕ ಬೀಳುತ್ತದೆ. ಒಟ್ಟು ಚೌಕ ಬಿದ್ದವರು 30 ಸಾವಿರ ಚಿಲ್ಲರೆ. ಅವರಲ್ಲಿ ನಿಜವಾಗಿ ಕ್ಷಯ ಇರುವವರು 284. ಅಂದರೆ ನೂರಕ್ಕೂ ಹೆಚ್ಚು ಚೌಕಗಳಲ್ಲಿ ಒಂದು ಮಾತ್ರ ನಿಜ.

ಅದೇ ಯಂತ್ರವನ್ನು ನನ್ನ ಕ್ಲಿನಿಕ್ಕಿಗೆ ತನ್ನಿ. ಮೂರು ವಾರದಿಂದ ಕೆಮ್ಮುತ್ತಿರುವ ನೂರು ಜನ ಬಂದಿದ್ದಾರೆ, ಅವರಲ್ಲಿ ಹತ್ತು ಮಂದಿಗೆ ಕ್ಷಯ ಇದೆ ಎಂದುಕೊಳ್ಳಿ. ಹತ್ತರಲ್ಲಿ ಒಂಬತ್ತನ್ನು ಯಂತ್ರ ಹಿಡಿಯಿತು. ಉಳಿದ 90ರಲ್ಲಿ 27 ಮಂದಿಗೆ ಸುಮ್ಮನೆ ಚೌಕ ಹಾಕಿತು. ಒಟ್ಟು ಚೌಕ 36, ನಿಜವಾದದ್ದು 9. ಈಗ ನಾಲ್ಕರಲ್ಲಿ ಒಂದು ನಿಜ!

ಯಂತ್ರ ಬದಲಾಗಿಲ್ಲ, ಚೌಕವೂ ಬದಲಾಗಿಲ್ಲ. ಯಾರನ್ನು ಅದರ ಮುಂದೆ ನಿಲ್ಲಿಸಿದೆವು ಎಂಬುದಷ್ಟೇ ಬದಲಾದದ್ದು. ಲಕ್ಷಣವಿಲ್ಲದೆ ಶಿಬಿರಕ್ಕೆ ಹೋದವರ ಕೆಂಪು ಚೌಕಕ್ಕೂ, ತಿಂಗಳಿಂದ ಕೆಮ್ಮಿ ಸೊರಗಿದವರ ಕೆಂಪು ಚೌಕಕ್ಕೂ ಒಂದೇ ಬೆಲೆಯಲ್ಲ. ಅದಕ್ಕೇ ವೈದ್ಯರು 'ಎಷ್ಟು ದಿನದಿಂದ? ಜ್ವರ ಬರುತ್ತದೆಯೇ? ಮನೆಯಲ್ಲಿ ಯಾರಿಗಾದರೂ ಇತ್ತೇ?' ಎಂದು ಕೇಳುವುದು. ಫಿಲ್ಮ್ ಕೈಯಲ್ಲಿರುವಾಗ ಇವೆಲ್ಲ ಯಾಕೆ ಎಂದು ಬೇಸರಪಡಬೇಡಿ.

ಆ ಹುಡುಗ ಕೇಳಿದ 0.78ರ ವಿಷಯಕ್ಕೂ ಉತ್ತರ ಇಲ್ಲೇ ಇದೆ. ಅದು ನೂರಕ್ಕೆ 78 ಎಂದಲ್ಲ. ಯಂತ್ರ ಆ ಚಿತ್ರಕ್ಕೆ ಕೊಟ್ಟ ಅಂಕ ಅದು, ಅಷ್ಟೇ. ಒಂದು ಕಂಪೆನಿಯ ಯಂತ್ರದ 0.78 ಇನ್ನೊಂದು ಕಂಪೆನಿಯ 0.78ಕ್ಕೆ ಸಮವಲ್ಲ. ಎಷ್ಟು ಅಂಕ ಬಂದರೆ ಚೌಕ ಹಾಕಬೇಕು ಎಂಬ ಗಡಿಯನ್ನು ಇಡುವವರೂ ಮನುಷ್ಯರೇ. ಗಡಿ ಇಳಿಸಿದರೆ ರೋಗಿಗಳು ತಪ್ಪುವುದು ಕಡಿಮೆ, ಸುಳ್ಳು ಗಾಬರಿ ಹೆಚ್ಚು. ಏರಿಸಿದರೆ ತಿರುಗುಮುರುಗು. ಜೊತೆಗೆ, ವಯಸ್ಸಾದವರಲ್ಲೂ ಹಿಂದೆ ಕ್ಷಯ ಬಂದುಹೋದವರಲ್ಲೂ ಈ ಯಂತ್ರಗಳು ಹೆಚ್ಚು ತಪ್ಪುತ್ತವೆ ಎಂಬುದು ಅಧ್ಯಯನಗಳಿಂದ ತಿಳಿದಿದೆ. ನಮ್ಮ ಯಜಮಾನರು ಈ ಎರಡು ಗುಂಪಿಗೂ ಸೇರಿದವರು.

ನನ್ನದೇ ತಪ್ಪು

ಇಲ್ಲಿಯವರೆಗೆ ಸುಳ್ಳು ಗಾಬರಿಯ ಮಾತಾಯಿತು. ಸುಳ್ಳು ಸಮಾಧಾನ ಅದಕ್ಕಿಂತ ಕೆಟ್ಟದ್ದು. ಇದನ್ನು ಬರೆಯಲು ಸಂಕೋಚವಿದೆ, ಆದರೂ ಬರೆಯುತ್ತೇನೆ.

ಎರಡು ವರ್ಷದ ಹಿಂದೆ ಗಾರ್ಮೆಂಟ್ಸಿಗೆ ಹೋಗುವ ಮೂವತ್ತರ ಹೆಣ್ಣುಮಗಳೊಬ್ಬಳು ಮೂರು ವಾರದ ಕೆಮ್ಮೆಂದು ಬಂದಳು. ಸಂಜೆ ಮೈ ಬಿಸಿಯಾಗುತ್ತದೆ ಎಂದೂ ಹೇಳಿದಳು. ಎಕ್ಸ್‌-ರೇ ಬರೆದುಕೊಟ್ಟೆ. ಲ್ಯಾಬಿನಿಂದ ಫಿಲ್ಮಿನ ಜೊತೆ ಯಂತ್ರದ ವರದಿಯೂ ಬಂತು: 'ದೋಷ ಕಂಡುಬಂದಿಲ್ಲ.' ಅಂದು ಹೊರಗೆ ಬೆಂಚು ತುಂಬಿತ್ತು. ಫಿಲ್ಮನ್ನು ಕವರಿನಿಂದ ಅರ್ಧ ತೆಗೆದು ಟ್ಯೂಬ್‌ಲೈಟಿಗೆ ಹಿಡಿದು ಒಳಗೆ ಸೇರಿಸಿದೆ. ಕಫ ಪರೀಕ್ಷೆ ಬರೆಯಲಿಲ್ಲ. ಒಂದು ವಾರದ ಮಾತ್ರೆ, ಒಂದು ಸಿರಪ್. 'ಎಕ್ಸ್‌-ರೇ ಚೆನ್ನಾಗಿದೆ ತಾಯಿ, ಹೆದರಬೇಡ' ಎಂದು ಕಳಿಸಿದೆ. ಹೆದರಬೇಡ ಎಂದವನ ಮಾತು ನಂಬಿ ಆಕೆ ಐದು ವಾರ ಬರಲಿಲ್ಲ. ಬಂದಾಗ ತೂಕ ನಾಲ್ಕು ಕಿಲೋ ಇಳಿದಿತ್ತು. ಕಫದಲ್ಲಿ ರೋಗಾಣು ಇತ್ತು. ಅಂದು ರಾತ್ರಿ ಆ ಮೊದಲ ಫಿಲ್ಮನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಹಾಕಿ ನೋಡಿದೆ. ಎಡ ಕೊರಳೆಲುಬಿನ ಹಿಂದೆ ಮಸುಕಾದ ಮಚ್ಚೆ ಇತ್ತು. ಆ ಐದು ವಾರವೂ ಆಕೆ ಮೂರು ವರ್ಷದ ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡಿದ್ದಳು. ಮಗುವಿಗೆ ರೋಗ ಹತ್ತಿರಲಿಲ್ಲ, ಮುಂಜಾಗ್ರತೆಯ ಔಷಧಿ ಕೊಡಬೇಕಾಯಿತು. ತಾಯಿ ಆರು ತಿಂಗಳ ಚಿಕಿತ್ಸೆ ಮುಗಿಸಿ ಈಗ ಕೆಲಸಕ್ಕೆ ಹೋಗುತ್ತಿದ್ದಾಳೆ.

ಯಂತ್ರ ತಪ್ಪಿತು, ಸರಿ. ಆದರೆ ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂಬುದು ನಾನು ಓದುವ ಕಾಲದಿಂದ ಇರುವ ನಿಯಮ. ಅದನ್ನು ಮರೆಸಿದ್ದು ಆ ಒಂದು ಸಾಲಿನ ವರದಿಯ ಮೇಲಿನ ಭರವಸೆ.

ನನ್ನೊಬ್ಬನ ದೌರ್ಬಲ್ಯ ಇದಲ್ಲ ಎಂದು ಆಮೇಲೆ ತಿಳಿಯಿತು. 2023ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ 27 ರೇಡಿಯಾಲಜಿಸ್ಟರು ಸ್ತನದ ಎಕ್ಸ್‌-ರೇ, ಅಂದರೆ ಮ್ಯಾಮೋಗ್ರಾಂಗಳನ್ನು ಯಂತ್ರದ ಅಭಿಪ್ರಾಯದ ಜೊತೆಗೆ ಓದಿದರು. ಕೆಲವು ಕಡೆ ಬೇಕೆಂದೇ ಯಂತ್ರದ ಹೆಸರಿನಲ್ಲಿ ತಪ್ಪು ಅಭಿಪ್ರಾಯ ಇಟ್ಟಿದ್ದರು. ಅದು ಸರಿಯಾಗಿದ್ದಾಗ ಹೊಸಬರ ಓದು ನೂರಕ್ಕೆ ಸುಮಾರು 80 ಸರಿ. ತಪ್ಪಾಗಿದ್ದಾಗ ಸುಮಾರು 20ಕ್ಕೆ ಕುಸಿಯಿತು. ತುಂಬ ಅನುಭವಿಗಳದ್ದೂ 82ರಿಂದ ಸುಮಾರು 45ಕ್ಕೆ ಇಳಿಯಿತು. ಪಕ್ಕದಲ್ಲಿ ಯಾರೋ ಉತ್ತರ ಹೇಳಿಕೊಟ್ಟರೆ ನಮ್ಮ ಕಣ್ಣು ಅದಕ್ಕೆ ತಕ್ಕಂತೆ ನೋಡಲು ತೊಡಗುತ್ತದೆ.

ಮ್ಯಾಮೋಗ್ರಾಂ ಓದಲು ಕಂಪ್ಯೂಟರಿನ ಸಹಾಯ ಹೊಸದೇನಲ್ಲ. ಅಮೆರಿಕದಲ್ಲಿ 1998ರಲ್ಲೇ ಅದಕ್ಕೆ ಸರಕಾರದ ಒಪ್ಪಿಗೆ ಸಿಕ್ಕಿತ್ತು. ಎಲ್ಲ ಕಡೆ ಹರಡಿದ ಮೇಲೆ, 2007ರಲ್ಲಿ ಬಂದ ದೊಡ್ಡ ಅಧ್ಯಯನ, ಅದರಿಂದ ಸುಳ್ಳು ಗಾಬರಿಯೂ ಸೂಜಿ ಚುಚ್ಚಿ ತುಣುಕು ತೆಗೆಯುವ ಪರೀಕ್ಷೆಗಳೂ ಹೆಚ್ಚಾದವೇ ಹೊರತು ಓದಿನ ನಿಖರತೆ ಹೆಚ್ಚಲಿಲ್ಲ ಎಂದು ತೋರಿಸಿತು. 2015ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಹಿಳೆಯರ ದಾಖಲೆ ನೋಡಿದವರೂ ಲಾಭ ಕಾಣಲಿಲ್ಲ. ಆದರೆ ಇತ್ತೀಚಿನ ಯಂತ್ರಗಳು ಬೇರೆ ಜಾತಿಯವು. ಸ್ವೀಡನ್ನಿನಲ್ಲಿ 80 ಸಾವಿರ ಮಹಿಳೆಯರನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದ ಮೊದಲ ಫಲಿತಾಂಶ 2023ರಲ್ಲಿ ಬಂತು. ಇಬ್ಬರು ರೇಡಿಯಾಲಜಿಸ್ಟರು ಓದುವ ಹಳೆಯ ಪದ್ಧತಿಯಲ್ಲಿ ಸಾವಿರಕ್ಕೆ ಸುಮಾರು ಐದು ಕ್ಯಾನ್ಸರ್ ಪತ್ತೆಯಾದರೆ, ಯಂತ್ರದ ನೆರವಿದ್ದ ಗುಂಪಿನಲ್ಲಿ ಸಾವಿರಕ್ಕೆ ಆರು. ಓದುವ ಕೆಲಸ ನೂರಕ್ಕೆ 44ರಷ್ಟು ಕಡಿಮೆಯಾಯಿತು. ಅಲ್ಲಿಯೂ ಪ್ರತಿ ಚಿತ್ರವನ್ನು ಕನಿಷ್ಠ ಒಬ್ಬ ರೇಡಿಯಾಲಜಿಸ್ಟ್ ನೋಡುವ ವ್ಯವಸ್ಥೆ ಇತ್ತು. ಯಾವ ಚಿತ್ರವನ್ನು ಒಬ್ಬರು ನೋಡಿದರೆ ಸಾಕು, ಯಾವುದಕ್ಕೆ ಇಬ್ಬರು ಬೇಕು ಎಂದು ವಿಂಗಡಿಸಿದ್ದು ಯಂತ್ರ.

ಟೊರಾಂಟೊದ ಜೆಫ್ರಿ ಹಿಂಟನ್ 2016ರಲ್ಲಿ, ರೇಡಿಯಾಲಜಿಸ್ಟರ ತರಬೇತಿಯನ್ನು ಇನ್ನು ನಿಲ್ಲಿಸಬೇಕು, ಐದು ವರ್ಷಗಳಲ್ಲಿ, ಹೆಚ್ಚೆಂದರೆ ಹತ್ತರಲ್ಲಿ, ಯಂತ್ರವೇ ಅವರಿಗಿಂತ ಚೆನ್ನಾಗಿ ಓದುತ್ತದೆ ಎಂಬರ್ಥದ ಮಾತು ಹೇಳಿದ್ದರು. ಸಣ್ಣವರಲ್ಲ ಅವರು, 2024ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. ನಾನು ಮಾತ್ರ ಇವತ್ತಿಗೂ ಸಿ.ಟಿ. ವರದಿಗಾಗಿ ಜಿಲ್ಲಾ ಕೇಂದ್ರದ ರೇಡಿಯಾಲಜಿಸ್ಟರ ಫೋನು ಕಾಯುತ್ತಿರುತ್ತೇನೆ.

ನಿಮ್ಮ ಕೈಗೆ ಹಾಳೆ ಬಂದಾಗ

ಮೊದಲು ಕೆಳಗೆ ನೋಡಿ, ಯಾವುದಾದರೂ ವೈದ್ಯರ ಹೆಸರು, ಸಹಿ ಇದೆಯೇ ಎಂದು. ಇಲ್ಲದಿದ್ದರೆ ಅದು ಯಂತ್ರದ ಟಿಪ್ಪಣಿ ಮಾತ್ರ. 'ಇದನ್ನು ಡಾಕ್ಟರು ನೋಡಿದ್ದಾರಾ?' ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ. ಯಾರೂ ಬೇಸರಪಟ್ಟುಕೊಳ್ಳಬಾರದು.

ಚೌಕ ಬಿದ್ದಿದ್ದರೆ ಮಾಡಬೇಕಾದ್ದು ತಟ್ಟೆ ಲೋಟ ಬೇರೆ ಮಾಡುವುದಲ್ಲ. ಕ್ಷಯ ತಟ್ಟೆಯಿಂದ, ಬಟ್ಟೆಯಿಂದ, ಕೈ ಮುಟ್ಟಿದ್ದರಿಂದ ಹರಡುವುದಿಲ್ಲ. ರೋಗಿ ಕೆಮ್ಮಿದಾಗ ಗಾಳಿಗೆ ಸೇರುವ ರೋಗಾಣುಗಳಿಂದ ಹರಡುತ್ತದೆ. ಕೆಮ್ಮು ಇದ್ದರೆ ವರದಿ ಬರುವವರೆಗೆ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಕಿಟಕಿ ತೆರೆದಿಡಿ. ಎರಡೇ ದಿನದೊಳಗೆ ಕಫ ಪರೀಕ್ಷೆಗೆ ಕೊಡಿ. ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಒಂದೆರಡು ಗಂಟೆಯಲ್ಲಿ ರೋಗಾಣುವಿನ ಗುರುತು ಹಿಡಿಯುವ ಟ್ರೂನ್ಯಾಟ್ ಪರೀಕ್ಷೆ ಈಗ ತಾಲ್ಲೂಕು ಮಟ್ಟದಲ್ಲೂ ಸಿಗುತ್ತದೆ. ಅದನ್ನು ರೂಪಿಸಿದ್ದು ನಮ್ಮ ಬೆಂಗಳೂರಿನ ಪ್ರಯೋಗಾಲಯದಲ್ಲಿ ಎಂಬುದನ್ನು ಹೆಮ್ಮೆಯಿಂದಲೇ ಹೇಳಬೇಕು. ಉಗುಳು ಬೇಡ, ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಅರ್ಧ ಪರೀಕ್ಷೆಗಳು ಹಾಳಾಗುವುದು ಇಲ್ಲೇ.

'ದೋಷವಿಲ್ಲ' ಎಂದು ಬಂದಿದ್ದು ನಿಮಗೆ ಕೆಮ್ಮು, ಜ್ವರ, ತೂಕ ಇಳಿಯುವುದು ಮುಂದುವರಿದಿದ್ದರೆ ಹಾಳೆಯನ್ನು ನಂಬಬೇಡಿ, ನಿಮ್ಮ ಮೈಯನ್ನು ನಂಬಿ. ವೈದ್ಯರ ಬಳಿ ಮತ್ತೆ ಹೋಗಿ. ಸ್ತನದಲ್ಲಿ ಗಂಟು ಕೈಗೆ ಸಿಗುತ್ತಿದ್ದರೆ ಮ್ಯಾಮೋಗ್ರಾಂ ಏನೇ ಹೇಳಲಿ, ಯಂತ್ರ ಏನೇ ಹೇಳಲಿ, ಶಸ್ತ್ರವೈದ್ಯರಿಗೆ ತೋರಿಸಲೇಬೇಕು.

ಮಕ್ಕಳ ಎಕ್ಸ್‌-ರೇ ವಿಷಯದಲ್ಲಿ ಯಂತ್ರದ ಮಾತಿಗೆ ನಿಲ್ಲಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ 15 ವರ್ಷ ತುಂಬಿದವರಿಗೆ ಮಾತ್ರ. ಮಕ್ಕಳ ಕ್ಷಯದ ನೆರಳೇ ಬೇರೆ ರೀತಿ.

ಪಾರ್ಶ್ವವಾಯುವಿನಲ್ಲಿ ಈ ಯಂತ್ರಗಳಿಂದ ಒಂದು ದೊಡ್ಡ ಉಪಕಾರವಿದೆ. ಮಿದುಳಿನ ಸಿ.ಟಿ.ಯಲ್ಲಿ ರಕ್ತಸ್ರಾವದ ಗುರುತು ಕಂಡರೆ ಆ ಚಿತ್ರವನ್ನು ಸಾಲಿನ ಮುಂದಕ್ಕೆ ತಳ್ಳಿ ವೈದ್ಯರನ್ನು ಎಚ್ಚರಿಸುತ್ತವೆ. ಆದರೆ ಅದು ಉಳಿಸುವುದು ನಿಮಿಷಗಳನ್ನು. ಬಾಯಿ ಸೊಟ್ಟಗಾದವರನ್ನು, ಕೈ ಬಿದ್ದುಹೋದವರನ್ನು, ಮಾತು ತೊದಲುವವರನ್ನು 'ಬೆಳಿಗ್ಗೆ ನೋಡೋಣ' ಎಂದು ಮನೆಯಲ್ಲಿ ಮಲಗಿಸಿದರೆ ಗಂಟೆಗಳೇ ಹೋಗುತ್ತವೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ.

ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು, ಮಾತಿಗೆ ಮಾತು ಉತ್ತರಿಸುವ ಆ್ಯಪ್‌ಗಳಿಗೆ ಹಾಕಿ ರೋಗ ಕೇಳುವ ಅಭ್ಯಾಸ ಈಗ ಕಾಲೇಜು ಮಕ್ಕಳಲ್ಲಿ ಬಂದಿದೆ. ಅಂಥ ಫೋಟೋದಲ್ಲಿ ಕಪ್ಪು-ಬಿಳುಪಿನ ಸೂಕ್ಷ್ಮ ಛಾಯೆಗಳೇ ಅಳಿಸಿಹೋಗಿರುತ್ತವೆ, ಕಿಟಕಿಯ ಸರಳಿನ ನೆರಳು ಸೇರಿಕೊಂಡಿರುತ್ತದೆ. ಉತ್ತರ ಮಾತ್ರ ಬಹಳ ಆತ್ಮವಿಶ್ವಾಸದಿಂದ ಬರುತ್ತದೆ. ಫಿಲ್ಮಿನ ಮೂಲೆಯಲ್ಲಿ ರೋಗಿಯ ಹೆಸರು, ವಯಸ್ಸು ಇರುತ್ತದೆ ಎಂಬುದನ್ನೂ ಮರೆಯಬೇಡಿ. ವರದಿಯಲ್ಲಿನ ಕಷ್ಟದ ಪದದ ಅರ್ಥ ಕೇಳಿಕೊಳ್ಳಿ, ಅದಕ್ಕೆ ನನ್ನ ಅಡ್ಡಿಯಿಲ್ಲ.

ಕೊನೆಯದಾಗಿ ಹಳೆಯ ಫಿಲ್ಮುಗಳ ಮಾತು. ದಯವಿಟ್ಟು ಎಸೆಯಬೇಡಿ. ಸಿ.ಡಿ. ಕೊಟ್ಟಿದ್ದರೆ ಅದನ್ನೂ ಇಡಿ. ಬಿಸಿಲು, ತೇವ ತಾಗದಂತೆ ಚಪ್ಪಟೆಯಾಗಿ ಇಟ್ಟರೆ ಇಪ್ಪತ್ತೈದು ವರ್ಷವಾದರೂ ಓದಬಹುದು ಎಂಬುದಕ್ಕೆ ಆ ತಾಯಿಯ ಟ್ರಂಕೇ ಸಾಕ್ಷಿ. ಆ ಯಜಮಾನರ ಎರಡು ಫಿಲ್ಮುಗಳನ್ನೂ ಒಂದೇ ಕವರಿಗೆ ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೇನೆ: '1998ರಲ್ಲಿ ಕ್ಷಯಕ್ಕೆ ಪೂರ್ತಿ ಚಿಕಿತ್ಸೆ ಆಗಿದೆ. ಬಲ ಮೇಲ್ಭಾಗದಲ್ಲಿ ಹಳೆಯ ಕಲೆ ಇದೆ. ಕಫ ಪರೀಕ್ಷೆ ಮಾಡಿದೆ, ರೋಗಾಣು ಇಲ್ಲ.' ಮುಂದಿನ ಶಿಬಿರದಲ್ಲಿ ಮತ್ತೆ ಕೆಂಪು ಚೌಕ ಬಿದ್ದರೆ ಆ ಕವರನ್ನು ತೋರಿಸಲು ಹೇಳಿದ್ದೇನೆ. ಬೀಳುತ್ತದೆ, ಅನುಮಾನವಿಲ್ಲ.